ರಾಮವ್ವನ ಬೀಟಿನ ಓತಿಕ್ಯಾತ

ರಾಮವ್ವ ದಿನಾ ಹನ್ನೆರಡು ಕಿಲೋಮೀಟರು ನಡೆಯುತ್ತಿದ್ದಳು. ಅಣ್ಣಿಗೇರಿ ಸ್ಟೇಷನ್ನಿನಿಂದ ಪಶ್ಚಿಮಕ್ಕೆ ಆರು, ಅಲ್ಲಿಂದ ತಿರುಗಿ ಆರು. ಹೋಗುವಾಗ ಎಡಗಡೆಯ ಹಳಿ ನೋಡಬೇಕು, ಬರುವಾಗ ಅದರ ಜೋಡಿಯದು. ಹಳಿಯನ್ನು ಅಡಿಯ ಅಡ್ಡತೊಲೆಗೆ, ಅಂದರೆ ಸ್ಲೀಪರಿಗೆ, ಬಿಗಿಹಿಡಿಯುವ ಕಬ್ಬಿಣದ ಕೊಂಡಿಗಳಿಗೆ ಹಳಿ ದುರಸ್ತಿಯ ಗ್ಯಾಂಗಿನವರು ಚಾವಿ ಎನ್ನುತ್ತಾರೆ. ಗಾಡಿ ಹಾದುಹೋದಂತೆಲ್ಲ ಅವುಗಳಲ್ಲಿ ಒಂದೆರಡು ಸಡಿಲಾಗುತ್ತವೆ. ಅವನ್ನು ಸುತ್ತಿಗೆಯಿಂದ ಬಡಿದು ಕೂಡಿಸುವುದು, ಬೋಲ್ಟು ಬಿಗಿಯುವುದು, ಬಿರುಕು ಕಂಡರೆ ಕೆಂಪು ಬಾವುಟ ಹಿಡಿದು ಗಾಡಿ ನಿಲ್ಲಿಸುವುದು ಅವಳ ಕೆಲಸ. ಕಾಗದದ ಮೇಲೆ ಆ ಹುದ್ದೆಗೆ ಕೀಮನ್ ಎಂದಿತ್ತು. ಊರ ಹೆಂಗಸರು ಚಾವಿ ರಾಮವ್ವ ಎನ್ನುತ್ತಿದ್ದರು.

ಆ ಬೀಟು ಮೊದಲು ಅವಳ ಗಂಡ ಮೈಲಾರಿಯದು. ಕಾಮಣಿಯಾಗಿ, ಕಣ್ಣು ಮೈ ಹಳದಿ ತಿರುಗಿ, ಇಪ್ಪತ್ತೇ ದಿನದಲ್ಲಿ ಆತ ತೀರಿಕೊಂಡಾಗ ಮಗಳು ದುರ್ಗಾ ಒಂಬತ್ತು ವರ್ಷದವಳು. ರಾಮವ್ವ ಏಳನೆಯ ಇಯತ್ತೆ ಕಲಿತಿದ್ದಳು. ಗಂಡನ ಬದಲಿಗೆ ಅನುಕಂಪದ ನೌಕರಿ ಸಿಕ್ಕಿತು. ಮೊರಬದ ತವರಿನಲ್ಲಿ ಅವಳು ಬುದ್ಧಿ ತಿಳಿದಾಗಿನಿಂದ ಹತ್ತಿ ಬಿಡಿಸಿದವಳು, ಮೆಣಸಿನಕಾಯಿ ಹರಿದವಳು. ಬಗ್ಗಿ ಮಾಡುವ ಕೆಲಸವಲ್ಲ, ನಡೆಯುವ ಕೆಲಸ ಎಂದಾಗ ಹಗುರ ಇದ್ದೀತು ಅಂದುಕೊಂಡಿದ್ದಳು. ಮೊದಲೆರಡು ವರ್ಷ ಗ್ಯಾಂಗಿನಲ್ಲಿ ಹಳಿಯ ಕೆಳಗೆ ಹಾಸುವ ಜಲ್ಲಿಕಲ್ಲಿನ ಖಡಿ ಹೊತ್ತಳು. ಆಮೇಲೆ ಗ್ಯಾಂಗಿನ ಮುಖಂಡ ಮೇಟ್ ಮಡಿವಾಳೆಪ್ಪನವರು ಇವಳ ಕಣ್ಣು ಚುರುಕು ಎಂದು ನೋಡಿ ಬೀಟಿಗೆ ಹಾಕಿದರು. ಒಬ್ಬರೇ ಬಿಸಿಲಲ್ಲಿ ನಡೆಯುವ ಆ ಕೆಲಸಕ್ಕೆ ಉಳಿದವರು ಮುಂದೆ ಬರಲಿಲ್ಲ ಎಂಬುದೂ ನಿಜ.

ಕಣ್ಣು ಚುರುಕು ಇದ್ದದ್ದು ಹಳಿಯ ಮಟ್ಟಿಗೆ. ಸುತ್ತಲಿನ ಹೊಲಗಳಲ್ಲಿ ಯಾವಾಗ ಕಡಲೆ ಕಿತ್ತರು, ಯಾವಾಗ ಹೆಸರು ಬಿತ್ತಿದರು ಎಂಬುದು ಕೂಡ ಅವಳ ಲಕ್ಷ್ಯಕ್ಕೆ ಬರುತ್ತಿರಲಿಲ್ಲ. ಸುತ್ತಿಗೆ, ಬೋಲ್ಟು ತಿರುಗಿಸುವ ಪಾನಾ, ಬಾವುಟ, ನೀರಿನ ಬಾಟಲಿ ಎಲ್ಲ ಸೇರಿ ಹೆಗಲ ಮೇಲೊಂದು ಕೂಸಿನಷ್ಟು ಭಾರ. ಮನೆಗೆ ಬಂದರೆ ರೊಟ್ಟಿ ಬಡಿಯಬೇಕು. ರೊಟ್ಟಿ ಬಡಿದಾದ ಮೇಲೆ ಗೋಡೆಗೆ ಒರಗಿದರೆ ಹಾಗೆಯೇ ನಿದ್ದೆ. ಹೀಗೆ ಆರು ವರ್ಷ ಹೋಯಿತು. ಆರು ವರ್ಷ ಅದೇ ದಾರಿಯಲ್ಲಿ ನಡೆದರೂ ಆ ದಾರಿ ಅವಳಿಗೆ ಗೊತ್ತಿರಲಿಲ್ಲ.

ಏಳನೆಯ ವರ್ಷ ಬಲಮೊಣಕಾಲು ನೋಯತೊಡಗಿತು. ಖಡಿಯ ಮೇಲೆ ಹೆಜ್ಜೆ ಊರಿದಾಗ ಒಳಗೆ ಏನೋ ಕುಟ್ಟಿದಂತಾಗುತ್ತಿತ್ತು. ಅದಕ್ಕೇ ಅವಳು ಮರಳಿ ಬರುವಾಗ ಹಳ್ಳದ ಮೋರಿಯ ಕಟ್ಟೆಯ ಮೇಲೆ ಹತ್ತು ನಿಮಿಷ ಕೂಡುವುದನ್ನು ರೂಢಿ ಮಾಡಿಕೊಂಡಳು. ಅಲ್ಲಿ ಹಳಿ ತುಸು ಎತ್ತರದಲ್ಲಿದೆ. ಕೆಳಗೆ ಎರೆಹೊಲ, ನಡುವೆ ಹಳೆಯ ಖಡಿ ಸುರಿದ ಬಯಲು ಜಾಗ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಕಾಲು ಚಾಚಿಕೊಂಡು ನೀರು ಕುಡಿಯುತ್ತಿದ್ದಾಗ ಕೆಳಗಿನ ಕಲ್ಲೊಂದರ ಮೇಲೆ ಏನೋ ಫಕ್ಕನೆ ಹೊಳೆಯಿತು. ಗುಟಕಾ ಚೀಟಿ ಗಾಳಿಗೆ ಹೊರಳಿತೇನೋ ಅಂದುಕೊಂಡಳು. ಗಾಳಿ ಇರಲಿಲ್ಲ. ಮತ್ತೆ ಹೊಳೆಯಿತು. ಈ ಸಲ ಸರಿಯಾಗಿ ನೋಡಿದಳು. ಅಂಗೈಯಷ್ಟು ಉದ್ದದ ಒಂದು ಓತಿಕ್ಯಾತ ಕಲ್ಲಿನ ತುದಿಗೆ ಏರಿ ಮುಂಗಾಲು ನೆಟ್ಟಗೆ ಮಾಡಿ ನಿಂತಿತ್ತು. ಮೈಯೆಲ್ಲ ಒಣಮಣ್ಣಿನ ಬಣ್ಣ. ಗಂಟಲ ಕೆಳಗೆ ಮಡಿಸಿಟ್ಟಿದ್ದ ಚರ್ಮವನ್ನು ಅದು ಬೀಸಣಿಗೆಯಂತೆ ಬಿಚ್ಚುತ್ತಿತ್ತು, ಮಡಚುತ್ತಿತ್ತು. ಬಿಚ್ಚಿದಾಗ ಮುಂದೆ ನೀಲಿ, ನಡುವೆ ಕಪ್ಪು, ಹಿಂದೆ ಕಿತ್ತಳೆಗೆಂಪು. ಆ ನೀಲಿ ಎಂಥದೆಂದರೆ, ಇಳಕಲ್ ಸೀರೆಯಲ್ಲೂ ಅವಳು ಅಂಥದನ್ನು ಕಂಡಿರಲಿಲ್ಲ. ನಾಲ್ಕು ಸಲ ಬಿಚ್ಚಿತು. ಆಮೇಲೆ ಕಲ್ಲಿನಿಂದ ಜಿಗಿದು, ಮುಂಗಾಲು ಮೇಲೆತ್ತಿ, ಹಿಂಗಾಲೆರಡರ ಮೇಲೆಯೇ ಮನುಷ್ಯರ ಹಾಗೆ ಓಡಿಹೋಯಿತು.

ರಾಮವ್ವ ಬಾಟಲಿಯ ಮುಚ್ಚಳ ಕೈಯಲ್ಲೇ ಹಿಡಿದು ಕೂತಿದ್ದಳು. ಹತ್ತು ನಿಮಿಷ ಇಪ್ಪತ್ತಾಗಿತ್ತು.

ಸಂಜೆ ರೊಟ್ಟಿ ಬಡಿಯುವಾಗ ಮಗಳಿಗೆ ಹೇಳಿದಳು. ದುರ್ಗಾ ಆಗ ಕಾಲೇಜಿನಲ್ಲಿ ಬಿಎಸ್ಸಿ ಮೊದಲನೆಯ ವರ್ಷದಲ್ಲಿದ್ದಳು. ಮೊಬೈಲಿನಿಂದ ತಲೆ ಎತ್ತದೆ, “ಮೊಳಕಾಲ ನೋವು ಅಂತಿ, ಬಿಸಲಾಗ ಓತಿಕ್ಯಾತ ನೋಡ್ಕೋತ ಕುಂತಿದ್ದೇನ ಬೇ?” ಎಂದಳು.

ಹಂಚಿನ ಮೇಲಿನ ರೊಟ್ಟಿ ತಿರುವಲು ಹೋದ ರಾಮವ್ವನ ಕೈ ಅಲ್ಲೇ ನಿಂತಿತು. ಇಂಥದೇ ಮಾತು ಈ ಮನೆಯಲ್ಲಿ ಒಮ್ಮೆ ಆಗಿತ್ತು. ಮೈಲಾರಿ ಬೀಟಿನಿಂದ ಬಂದು ಬೂಟು ಕಳಚುತ್ತ, “ಇವತ್ತ ಒಂದ್ ಓತಿಕ್ಯಾತ ನೋಡಿದ್ನಿ ನೋಡು. ಗಂಟಲದಾಗ ಝಂಡಿ ಐತಿ ಅದಕ್ಕ. ಗಾರ್ಡ ತೋರ್ಸಿದಂಗ ತೋರಸ್ತೈತಿ” ಅಂದಿದ್ದ. ಅಂದು ಅವಳು ದಿನವಿಡೀ ಮೆಣಸಿನಕಾಯಿ ಹರಿದು ಕೈ ಉರಿ ಎದ್ದು ಕೂತಿದ್ದಳು. “ಓತಿಕ್ಯಾತ ನೋಡಾಕ ಪಗಾರ ಕೊಡ್ತಾರೇನ ನಿನಗ?” ಅಂದುಬಿಟ್ಟಿದ್ದಳು. ಆತ ನಕ್ಕು ಕಾಲು ತೊಳೆಯಲು ಹೋದ. ಮತ್ತೆಂದೂ ಆ ಮಾತು ತೆಗೆಯಲಿಲ್ಲ. ಮೈಲಾರಿ ಹೇಳಿದ್ದು ಸುಳ್ಳೆಂದು ಅವಳಿಗೆ ಅಂದೂ ಅನಿಸಿರಲಿಲ್ಲ. ಕೇಳಲು ತ್ರಾಣ ಇರಲಿಲ್ಲ, ಅಷ್ಟೇ. ಸೀದು ಹೋದ ರೊಟ್ಟಿಯನ್ನು ತನಗೆ ತೆಗೆದಿಟ್ಟುಕೊಂಡು ಅವಳು ಮುಂದಿನದನ್ನು ಬಡಿದಳು.

ಮರುದಿನದಿಂದ ದಿನಾ ಮೋರಿಯ ಕಟ್ಟೆಯ ಮೇಲೆ ಕೂತು ನೋಡಿದಳು. ಒಂದಲ್ಲ, ಬೀಸಣಿಗೆಯವು ಮೂರು ಇದ್ದವು. ಮೂರಕ್ಕೂ ಒಂದೊಂದು ಕಲ್ಲು. ಒಂದರ ಕಲ್ಲಿಗೆ ಇನ್ನೊಂದು ಬಂದರೆ ಎರಡೂ ಎದುರುಬದುರು ನಿಂತು ಬೀಸಣಿಗೆ ಬಿಚ್ಚುತ್ತಿದ್ದವು, ಕಚ್ಚಾಡುತ್ತಿದ್ದವು. ಬಣ್ಣವಿಲ್ಲದ ಸಣ್ಣವು ಕೆಲವು ಕಲ್ಲಿನ ಸಂದಿಯಲ್ಲಿ ಇರುವೆ ಹಿಡಿದುಕೊಂಡು ಇರುತ್ತಿದ್ದವು. ಅವು ಬೇರೆಯೇ ಜಾತಿ ಇರಬೇಕೆಂದು ಮೊದಲು ತಿಳಿದಳು. ಬೀಸಣಿಗೆಯವುಗಳು ಅವುಗಳ ಹಿಂದೆಯೇ ಸುತ್ತುವುದನ್ನು ನಾಲ್ಕು ದಿನ ನೋಡಿದ ಮೇಲೆ ಹೆಣ್ಣು ಎಂದು ತಿಳಿಯಿತು.

ಅದರ ಹೆಸರೇನು ಎಂಬುದೊಂದು ಬಗೆಹರಿಯಲಿಲ್ಲ. ಮಡಿವಾಳೆಪ್ಪನವರನ್ನು ಕೇಳಿದಳು.

“ಅದು ಗೋಸುಂಬಿ ಬೇ. ಬಣ್ಣ ಬದಲಸ್ತೈತಿ ಅಂದ್ರ ಗೋಸುಂಬೀನ ಅದು” ಅಂದರು ಅವರು.

“ಗೋಸುಂಬಿ ಗಿಡದಾಗ ಇರ್ತೈತ್ರಿ. ಇದು ನೆಲದ ಮ್ಯಾಲ ಓಡ್ತೈತಿ. ಎರಡ ಕಾಲಿನ ಮ್ಯಾಲ.”

“ಎರಡ ಕಾಲಿನ ಮ್ಯಾಲ?” ಮಡಿವಾಳೆಪ್ಪನವರು ಅವಳ ಮುಖ ನೋಡಿದರು. “ಬಿಸಲ ಭಾಳ ಐತಿ ಈಗ. ತಲಿಗೆ ಒದ್ದಿ ಅರಿವಿ ಕಟ್ಕೋ.”

ಗ್ಯಾಂಗಿನ ಇನ್ನೊಬ್ಬ ಹೊಳೆಯಪ್ಪ ಮಾತ್ರ ಕೇಳಿ ಸುಮ್ಮನಾಗಲಿಲ್ಲ. ವಾರದ ಮೇಲೆ ಮೋರಿಯ ಹತ್ತಿರವೇ ಗ್ಯಾಂಗಿಗೆ ಖಡಿ ತುಂಬುವ ಕೆಲಸ ಬಿತ್ತು. ಬುತ್ತಿ ಬಿಚ್ಚುವ ಹೊತ್ತಿಗೆ ರಾಮವ್ವ ಅಲ್ಲಿಗೆ ಬಂದಳು. “ಎಲ್ಲೈತಿ ಅಕ್ಕಾ ನಿನ್ನ ಎರಡ ಕಾಲಿನ ಓತಿಕ್ಯಾತ? ತೋರಸು” ಎಂದ ಹೊಳೆಯಪ್ಪ. ಅವನ ದನಿಯಲ್ಲಿ ಚೇಷ್ಟೆ ಇತ್ತು. ಆದರೂ ಅವಳಿಗೆ ಒಳಗೊಳಗೇ ಹಿಗ್ಗಾಯಿತು. ಒಬ್ಬರಾದರೂ ನೋಡಲಿ ಎಂದು ಬೆರಳು ಮಾಡಿ ತೋರಿಸಿದಳು. ಎಲ್ಲಕ್ಕೂ ದೊಡ್ಡದು ತನ್ನ ಕಲ್ಲಿನ ಮೇಲೆ ನಿಂತು ಬೀಸಣಿಗೆ ಬಿಚ್ಚಿತ್ತು.

“ಅಯ್ಯ, ಇದು ವಿಷದ್ದಬೇ!” ಎಂದವನೇ ಹೊಳೆಯಪ್ಪ ಕೂತಲ್ಲಿಂದಲೇ ಖಡಿಯೊಂದನ್ನು ಬೀಸಿ ಒಗೆದ. ದಿನವಿಡೀ ಕಲ್ಲಿನ ಜೊತೆಗೇ ಇರುವ ಕೈ ಅದು. ಗುರಿ ತಪ್ಪಲಿಲ್ಲ.

ಉಳಿದವರು ನಕ್ಕರು. ಹೊಳೆಯಪ್ಪನೂ ನಕ್ಕ. ಆಮೇಲೆ ರಾಮವ್ವನ ಮುಖ ನೋಡಿ ನಗೆ ನಿಲ್ಲಿಸಿದ. “ಕಚ್ಚಿದ್ರ ಸಾಯ್ತಿದ್ದಿ ಅಕ್ಕಾ. ನಿನಗ ಚಲೋ ಆಗ್ಲಿ ಅಂತನ ಹೊಡದ್ನಿ” ಅಂದ. ಅವನಿಗೆ ಅದು ಖರೆಯೇ ಆಗಿತ್ತು. ಅವನಿಗೆ ಸಣ್ಣಂದಿನಿಂದ ಹಾಗೇ ಹೇಳಿ ಬೆಳೆಸಿದ್ದರು. ಅವಳು ಅವನ ಜೊತೆ ಜಗಳ ತೆಗೆಯಲಿಲ್ಲ. ಜಗಳಕ್ಕೂ ತ್ರಾಣ ಬೇಕು. ತೋರಿಸಿದವಳು ತಾನು, ಅವನದೇನು ತಪ್ಪು.

ಊಟ ಮುಗಿಸಿ ಎಲ್ಲರೂ ಕೆಲಸಕ್ಕೆ ಎದ್ದ ಮೇಲೆ ಅವಳು ಇಳಿಜಾರಿನಲ್ಲಿ ಕುಂಟುತ್ತ ಕೆಳಗಿಳಿದಳು. ಓತಿಕ್ಯಾತ ಕಲ್ಲಿನ ಬುಡದಲ್ಲಿ ಬಿದ್ದಿತ್ತು. ಎತ್ತಿ ಅಂಗೈಯಲ್ಲಿಟ್ಟುಕೊಂಡಳು. ತೂಕವೇ ಇಲ್ಲ. ಬೀಸಣಿಗೆ ಗಂಟಲಿಗೆ ಅಂಟಿಕೊಂಡಿತ್ತು. ಉಗುರಿನಿಂದ ಮೆಲ್ಲಗೆ ಬಿಡಿಸಿದಳು. ನೀಲಿ ಆಗಲೇ ಮಾಸಿ ಬೂದಿಯಂತಾಗಿತ್ತು. ನೋವು ಇರುವಾಗ ಕಣ್ಣು ಸುಮ್ಮನೆ ಏನನ್ನೋ ಎಣಿಸುತ್ತದೆ. ಅವಳು ಅದರ ಬೆರಳು ಎಣಿಸಿದಳು. ಮುಂಗಾಲಿಗೆ ಐದು. ಹಿಂಗಾಲಿಗೆ ನಾಲ್ಕೇ. ಕಲ್ಲಿನ ಏಟಿಗೆ ಒಂದು ಹರಿದಿತೇನೋ ಎಂದು ಇನ್ನೊಂದು ಹಿಂಗಾಲು ನೋಡಿದಳು. ಅದಕ್ಕೂ ನಾಲ್ಕು. ಮನೆಯ ಬೇಲಿಯಲ್ಲಿ ಇರುವ ಓತಿಕ್ಯಾತಗಳಿಗೆ ಎಷ್ಟೆಂದು ಅವಳು ಎಂದೂ ನೋಡಿರಲಿಲ್ಲ. ಎರೆಮಣ್ಣಿನ ಬಿರುಕಿನೊಳಗೆ ಅದನ್ನು ಇಳಿಸಿ, ಮೇಲೊಂದು ಕಲ್ಲಿಟ್ಟು, ಕೈ ಝಾಡಿಸಿಕೊಂಡು ಬೀಟು ಮುಂದುವರಿಸಿದಳು. ಅವತ್ತಿನ ಡೈರಿಯಲ್ಲಿ ಎಂದಿನಂತೆ ‘ಚಾವಿ ಹನ್ನೊಂದು ಬಿಗಿ ಮಾಡಿದೆ’ ಎಂದು ಬರೆದಳು.

ಆ ರಾತ್ರಿಯ ಊಟವನ್ನು ಅವಳು ಹಾಗೆಯೇ ಬಿಟ್ಟೆದ್ದಳು. ಮರುದಿನವೂ ಸರಿಯಾಗಿ ಉಣ್ಣಲಿಲ್ಲ. ದುರ್ಗಾ ಎರಡು ದಿನ ನೋಡಿದಳು. ಏನಾಯಿತೆಂದು ಕೇಳಿದಾಗ ಹೊಳೆಯಪ್ಪನ ಸುದ್ದಿ ಹೊರಬಿತ್ತು. ಹುಡುಗಿ ಈ ಸಲ ಚೇಷ್ಟೆ ಮಾಡಲಿಲ್ಲ. ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುವ ಶೈಲಾ ಮೇಡಂ ಅವರ ಮುಂದೆ ವಿಷಯ ಹೇಳಿದಳು. ಕೀಮನ್ ಕೆಲಸದ ತಾಯಿ, ಓತಿಕ್ಯಾತ ಇವೆರಡನ್ನೂ ಸ್ಟಾಫ್ ರೂಮಿನಲ್ಲಿ ನಿಂತು ಹೇಳುವುದು ಅವಳಿಗೆ ಸಲೀಸಾಗಿ ಬಂದ ಮಾತಲ್ಲ. ಅದನ್ನು ಅವಳು ತಾಯಿಗೆ ತಿಳಿಯಗೊಡಲಿಲ್ಲ.

ಮೇಡಂ ನಗಲಿಲ್ಲ. ಬದಲಿಗೆ ಒಂದು ಹಾಳೆಯ ಮೇಲೆ ಪ್ರಶ್ನೆ ಬರೆದು ಕಳಿಸಿದರು. ದುರ್ಗಾ ಓದಿದಳು.

“ಕಣ್ಣು ಒಂದ್ ಆ ಕಡೆ ಒಂದ್ ಈ ಕಡೆ ತಿರಗತಾವೇನು?”

“ಇಲ್ಲ. ನಮ್ಮಂಗನ ಅದಾವು.”

“ಬಾಲ ಸುರಳಿ ಸುತ್ತತೈತೇನು?”

“ಇಲ್ಲ. ಉದ್ದಕ ಸಣ್ಣ ಆಗ್ಕೋತ ಹೋಗೇತಿ.”

“ಬೀಸಣಿಗಿ ಎಲ್ಲಿತನಕ ಐತಿ? ಗಂಟಲಕ್ಕ ಮಾತ್ರನೋ, ಎದಿ ದಾಟಿ ಕೆಳಗ ಬರ್ತೈತೋ?”

“ಅದನ್ನ ನೋಡಿ ಹೇಳ್ತೀನಿ.”

“ಹಿಂಗಾಲಿಗೆ ಎಷ್ಟ ಬೆರಳ? ಸಾಧ್ಯ ಆದ್ರ ಮಾತ್ರ ಅಂತ ಬರದಾರ. ದೂರಿಂದ ಕಾಣಂಗಿಲ್ಲಂತ ಅದು.”

“ನಾಕು.”

“ದೂರಿಂದ ಹೆಂಗ ಕಂಡ್ತು ನಿನಗ?”

“ದೂರಿಂದ ಅಲ್ಲ,” ಎಂದಳು ರಾಮವ್ವ. “ಕೈಯಾಗ ಹಿಡದ ಎಣಿಸೇನಿ.”

ದುರ್ಗಾ ಹಾಳೆಯ ಮೇಲೆ ನಾಲ್ಕು ಎಂದು ಬರೆದುಕೊಂಡಳು.

ಬೀಸಣಿಗೆ ಎಲ್ಲಿಯವರೆಗೆ ಎಂಬ ಒಂದು ಪ್ರಶ್ನೆಗೆ ರಾಮವ್ವನಿಗೆ ಒಂಬತ್ತು ದಿನ ಹಿಡಿಯಿತು. ದೊಡ್ಡದು ಸತ್ತ ಮೇಲೆ ಉಳಿದ ಎರಡು ಗಾಬರಿಬಿದ್ದು ದೂರ ಸರಿದಿದ್ದವು. ಬೀಸಣಿಗೆ ಬಿಚ್ಚುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದು ಮಗ್ಗುಲಾಗಿ ನಿಂತಾಗಲೇ ಬಿಚ್ಚಬೇಕು, ಬಿಸಿಲು ಇವಳ ಬೆನ್ನಿಗಿರಬೇಕು. ಕೆಲಸದ ಮೇಲಿರುವಾಗ ಮೊಬೈಲು ಹೊರಗೆ ತೆಗೆಯುವಂತಿಲ್ಲ. ಆ ಕಟ್ಟಳೆಯನ್ನು ಅವಳು ಎಂದೂ ಮುರಿದವಳಲ್ಲ. ಹತ್ತು ನಿಮಿಷಕ್ಕಿಂತ ಹೆಚ್ಚು ಕೂತರೆ ಮುಂದಿನ ಗಾಡಿ ಬರುವುದರೊಳಗೆ ಬೀಟು ಮುಗಿಯುವುದಿಲ್ಲ, ಆಗ ಕೊನೆಯ ಎರಡು ಕಿಲೋಮೀಟರು ಬಿರುಸಾಗಿ ನಡೆಯಬೇಕು, ಸಂಜೆ ಮೊಣಕಾಲು ಹಲಸಿನಕಾಯಿ ಆಗಿರುತ್ತದೆ. ಎಣ್ಣೆ ತಿಕ್ಕಿಕೊಳ್ಳುತ್ತ, ನಾಳೆ ಕೂಡುವುದಿಲ್ಲ ಎಂದು ದಿನಾ ಅಂದುಕೊಳ್ಳುವಳು. ನಾಳೆ ಮತ್ತೆ ಕೂಡುವಳು.

ಹತ್ತನೆಯ ದಿನ ಮಗಳಿಗೆ, “ಎದಿ ದಾಟಿ ಹೊಟ್ಟಿ ಕಡೆ ಬರ್ತೈತಿ. ಎದಿ ಮುಂದ ನೀಲಿ, ಆಮ್ಯಾಲ ಕರಿ, ಹೊಟ್ಟಿ ಕಡೆ ಕೆಂಪ. ಬರಕೊ” ಎಂದಳು.

ಶೈಲಾ ಮೇಡಂ ಮುಂದಿನ ಭಾನುವಾರ ತಾವೇ ಬಂದರು. ಭಾನುವಾರ ರಾಮವ್ವನ ರಜೆ. ವಾರಕ್ಕೆ ಒಂದೇ ದಿನ ಮಲಗಿ ಏಳುವ ದಿನ. ಅದನ್ನೂ ಅವಳು ಅದೇ ದಾರಿಗೆ ಕೊಟ್ಟಳು. ಹಳಿಯ ಮೇಲೆ ಹೊರಗಿನವರು ಬರಬಾರದೆಂದು ಮೋರಿಯ ಕೆಳಗಿನ ಕಡಲೆ ಕಿತ್ತ ಹೊಲದಲ್ಲಿ ನಿಲ್ಲಿಸಿದಳು. ಹೊಲದೊಡತಿ ರೇವವ್ವ ಏನು ಎತ್ತ ಎಂದು ವಿಚಾರಿಸಿ, ಓತಿಕ್ಯಾತ ಎಂದು ಕೇಳಿ, ಸೆರಗು ಬಾಯಿಗೆ ಹಚ್ಚಿಕೊಂಡು ಬದುವಿನ ಮೇಲೆ ಕೂತಳು. ಮೇಡಂ ಕೊರಳಲ್ಲಿ ಕ್ಯಾಮೆರಾ, ತಲೆಗೆ ದುಪಟ್ಟಾ. ನಲವತ್ತು ನಿಮಿಷ ಏನೂ ಇಲ್ಲ. ಕಾದ ಎರೆಯ ಝಳ ಮುಖಕ್ಕೆ ಹೊಡೆಯುತ್ತಿತ್ತು. ದುರ್ಗಾ ಎರಡು ಸಲ ಗಡಿಯಾರ ನೋಡಿದಳು.

“ಆ ಮುರುಕ ಸ್ಲೀಪರ್ ಮ್ಯಾಲ ನೋಡ್ರಿ ಮೇಡಂ,” ಎಂದಳು ರಾಮವ್ವ. “ಈಗ ಏರ್ತೈತಿ.”

ಏರಿತು. ನಿಂತಿತು. ಬಿಚ್ಚಿತು.

ಮೇಡಂ ಕ್ಯಾಮೆರಾ ಎತ್ತುವುದನ್ನೇ ಮರೆತರು. ಎರಡನೆಯ ಸಲ ಬಿಚ್ಚಿದಾಗ ಮಾತ್ರ ಟಕಟಕ ಸಪ್ಪಳ ಕೇಳಿತು. ಆಮೇಲೆ ತೆಗೆದ ಫೋಟೋ ದೊಡ್ಡದು ಮಾಡಿ ರಾಮವ್ವನಿಗೆ ತೋರಿಸಿದರು. “ಇದು ಗೋಸುಂಬಿ ಅಲ್ರಿ. ಬ್ಯಾಲಿ ಓತಿಕ್ಯಾತನೂ ಅಲ್ಲ. ಬೀಸಣಿಗೆ ಗಂಟಲಿನ ಓತಿ ಅಂತಾರ. ಇದರಾಗ ಸಾರಡಾ ಅನ್ನೋ ಕುಲದ್ದು. ಬ್ಯಾಲಿಯದಕ್ಕ ಹಿಂಗಾಲಿಗೆ ಐದು ಬೆರಳ ಇರ್ತಾವು, ಇದಕ್ಕ ನಾಕು. ನೀವು ಅದನ್ನ ಎಣಿಸಿ ಹೇಳಿದ ದಿನಾನ ನನಗ ಅರ್ಧಾ ಗೊತ್ತಾತು. ಬೀಸಣಿಗಿ ಹೊಟ್ಟಿತನಕ ಐತಿ ಅಂದಾಗ ಪೂರಾ ಗೊತ್ತಾತು.”

“ವಿಷ ಐತೇನ್ರಿ ಇದಕ್ಕ?”

“ಇಲ್ಲ. ಇರವಿ, ಮಿಡತಿ ತಿಂದ್ಕೊಂಡ ಇರ್ತೈತಿ. ಮನಶ್ಯಾಗ ಏನೂ ಮಾಡಂಗಿಲ್ಲ.”

“ಹೆಸರ ಏನಂದ್ರಿ?”

“ಸಾರಡಾ. ಮರಾಠಿ ಒಳಗ ಓತಿಕ್ಯಾತಕ್ಕ ಸರಡಾ ಅಂತಾರಲ್ಲ, ಅದ ಮಾತು. ಇದರಾಗೂ ಎರಡ ಮೂರ ನಮೂನಿ ಅದಾವು. ಯಾವ್ದು ಅಂತ ತಿಳದವರಿಗೆ ಫೋಟೋ ಕಳಸಿ ಕೇಳ್ತೀನಿ. ನಾ ಹಂಗ ಹೇಳಿದ್ರ ತಪ್ಪಾಗ್ತೈತಿ.”

ಅಷ್ಟು ಓದಿದವರು ‘ನನಗೆ ಗೊತ್ತಿಲ್ಲ’ ಎನ್ನುವುದನ್ನು ರಾಮವ್ವ ಅದೇ ಮೊದಲು ಕೇಳಿದ್ದು. ಅವಳಿಗೆ ಆ ಹೆಣ್ಣುಮಗಳ ಮೇಲೆ ವಿಶ್ವಾಸ ಹುಟ್ಟಿತು. “ನಮ್ಮ ಮನಿಯವರೂ ಇದನ್ನ ನೋಡಿದ್ರರಿ,” ಎಂದಳು. “ಹದಿನಾರ ಹದಿನೇಳ ವರಸದ ಹಿಂದ. ಗಂಟಲದಾಗ ಝಂಡಿ ಐತಿ ಅಂದಿದ್ರು.”

ದುರ್ಗಾ ತಾಯಿಯ ಕಡೆ ತಿರುಗಿದಳು. ಅಪ್ಪನ ಬಗ್ಗೆ ಅವಳಿಗೆ ಗೊತ್ತಿಲ್ಲದ ಮಾತು ಅದು.

“ಹದಿನಾರ ವರಸದ ಹಿಂದನ? ಇದ ಜಾಗಾದಾಗ?” ಎಂದು ಮೇಡಂ ಪುಸ್ತಕ ತೆಗೆದು ಅದನ್ನೂ ಬರೆದುಕೊಂಡರು. ಹೆಸರು ಏನೆಂದು ಕೇಳಿದರು. ಮೈಲಾರಿ ಎಂದಾಗ ಮೈಲಾರಿ ಎಂದೇ ಬರೆದರು. ಹೊರಡುವ ಮುಂದೆ ಅವರು ಇನ್ನೊಂದು ಮಾತು ಹೇಳಿದರು. “ಇವು ತತ್ತಿ ಎಲ್ಲಿ ಇಡ್ತಾವು, ಯಾವಾಗ ಇಡ್ತಾವು ಅನ್ನೋದನ್ನ ಈ ಸೀಮಿಯಾಗ ಯಾರಾದ್ರೂ ಕಣ್ಣಾರೆ ನೋಡಿದ್ದು ನಾ ಕೇಳಿಲ್ರಿ. ನೋಡಾಕ ದಿನಾ ಬರಬೇಕಾಗ್ತೈತಿ. ನಮ್ಮಂಥಾವರಿಂದ ಆಗೂದಿಲ್ಲ.” ಅವರು ಕೆಲಸ ವಹಿಸಿದ್ದಲ್ಲ, ಸುಮ್ಮನೆ ಅಂದದ್ದು.

ಹೊಳೆಯಪ್ಪನಿಗೆ ರಾಮವ್ವ, “ವಿಷ ಇಲ್ಲಂತಪ್ಪ ಅದಕ್ಕ” ಎಂದು ಒಂದು ಮಾತಷ್ಟೇ ಹೇಳಿದಳು. ಅವನು ನೆಲ ನೋಡುತ್ತ ತಂಬಾಕು ತಿಕ್ಕಿದ. ಮುಂದೆ ಮೋರಿಯ ಹತ್ತಿರ ಗ್ಯಾಂಗಿನವರು ಯಾರೂ ಕಲ್ಲು ಒಗೆದದ್ದು ಅವಳು ಕಾಣಲಿಲ್ಲ. ತಿಂಗಳ ಮೇಲೆ ಮೇಡಂಗೆ ತಿಳಿದವರಿಂದ ಉತ್ತರ ಬಂತು. ಇನ್ನೂ ಕೆಲವು ಫೋಟೋ ನೋಡದೆ ಖಚಿತ ಹೇಳಲಾಗದು ಎಂದಿತ್ತು. ಅಷ್ಟರಲ್ಲಿ ಮಳೆ ಹಿಡಿದಿತ್ತು. ಮೋರಿಯ ಕೆಳಗೆ ಹುಲ್ಲು ಎದ್ದಿತು, ಬೀಸಣಿಗೆಗಳ ಬಣ್ಣ ಮಾಸಿತು. ಬಣ್ಣವಿಲ್ಲದ ಗಂಡನ್ನೂ ಗಂಟಲ ಕೆಳಗಿನ ಸಡಿಲು ಚರ್ಮ ನೋಡಿ ಗುರುತು ಹಿಡಿಯುವುದನ್ನು ರಾಮವ್ವ ಆ ಮಳೆಗಾಲದಲ್ಲಿ ಕಲಿತಳು. ಆದರೆ ತತ್ತಿ ಇಡುವುದು ಕಣ್ಣಿಗೆ ಬೀಳಲಿಲ್ಲ. ಹುಲ್ಲಿನಲ್ಲಿ ಒಂದು ಬೆರಳುದ್ದದ ಮರಿ ಓಡಿದಾಗಲೇ ಆ ಹೊತ್ತು ತಪ್ಪಿಹೋಯಿತೆಂದು ಗೊತ್ತಾದದ್ದು.

ಮುಂದಿನ ವರ್ಷ ಮಾರ್ಚಿನಲ್ಲಿ ಮೊಣಕಾಲು ಮಡಚಲು ಬಾರದಂತಾಯಿತು. ಹುಬ್ಬಳ್ಳಿಯಲ್ಲಿ ಡಾಕ್ಟರು ಫೋಟೋ ತೆಗೆಸಿ ನೋಡಿ, ಒಳಗಿನ ಮೆತ್ತೆ ಸವೆದಿದೆ, ಇನ್ನು ನಡೆಯುವ ಕೆಲಸ ಸಾಕು ಎಂದರು. ಕೂತು ಮಾಡುವ ಕೆಲಸ ಕೊಡಬೇಕೆಂದು ಚೀಟಿ ಬರೆದುಕೊಟ್ಟರು. ಬಸ್ಸಿನಲ್ಲಿ ಬರುವಾಗ ದುರ್ಗಾ, “ನಾಳಿಗೇ ಕೊಟ್ಬಿಡು ಅವ್ವಾ. ಸಾಕಿನ್ನ” ಎಂದಳು. ರಾಮವ್ವ ಹೂಂ ಎಂದಳು.

ಮರುದಿನ ಚೀಟಿಯನ್ನು ಸೀರೆಯ ಮಡಿಕೆಯೊಳಗಿಟ್ಟು ಟ್ರಂಕು ಮುಚ್ಚಿದಳು. ಹೆಗಲಿಗೆ ಸುತ್ತಿಗೆ ಹಾಕಿಕೊಂಡು ಬೀಟಿಗೆ ಹೋದಳು. ಯಾಕೆ ಹಾಗೆ ಮಾಡಿದೆ ಎಂದು ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಬೇಸತ್ತವಳು ಅವಳು, ಒಂದೊಂದು ಹೆಜ್ಜೆಗೂ ಬೇಸತ್ತಿದ್ದಳು. ಆದರೆ ಇನ್ನು ಕೆಲವೇ ದಿನದಲ್ಲಿ ಅವು ಕಲ್ಲಿನ ಮೇಲೆ ಏರುತ್ತವೆ, ಆಮೇಲೆ ತತ್ತಿ ಇಡುತ್ತವೆ, ಅದನ್ನು ನೋಡಲು ಆ ದಾರಿಯಲ್ಲಿ ದಿನಾ ಬರುವವರು ಬೇರೆ ಯಾರೂ ಇಲ್ಲ. ಮಗಳು ಕೇಳಿದಾಗಲೆಲ್ಲ, “ಸಾಹೇಬ್ರು ರಜಾ ಮ್ಯಾಲ ಅದಾರ,” “ಬದಲಿ ಮನಶ್ಯಾ ಸಿಕ್ಕಿಲ್ಲಂತ” ಎಂದು ಹೊತ್ತು ಹಾಕಿದಳು. ಸುಳ್ಳು ಹೇಳಿ ಅಭ್ಯಾಸ ಇರಲಿಲ್ಲ. ಒಂದು ಸಲ ಹೇಳಿದ ಸುಳ್ಳನ್ನೇ ಎರಡನೆಯ ಸಲವೂ ಹೇಳಿದಳು. ದುರ್ಗಾ ಮುಖ ನೋಡಿ, ಕಾಲಿಗೆ ತಿಕ್ಕುವ ಎಣ್ಣೆ ತಂದು ತಾಯಿಯ ಮುಂದಿಟ್ಟಳು.

ಬೆಳಿಗ್ಗೆ ಎದ್ದು ಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತುವಳು. ಏಪ್ರಿಲ್ ಪೂರ್ತಿ ಬೀಸಣಿಗೆಗಳು ಬಿಚ್ಚಿದವು. ಈ ಸಲ ಗಂಡು ನಾಲ್ಕು. ಅವಳು ಈಗ ಅವನ್ನು ಬಿಟ್ಟು ಹೆಣ್ಣುಗಳನ್ನೇ ನೋಡುತ್ತಿದ್ದಳು. ಮೇ ಅರ್ಧವಾದಾಗ ಒಂದರ ಹೊಟ್ಟೆ ಎರಡೂ ಪಕ್ಕಕ್ಕೆ ಉಬ್ಬಿತ್ತು. ಓಡುವುದು ನಿಧಾನವಾಗಿತ್ತು, ನಾಲ್ಕು ಹೆಜ್ಜೆಗೊಮ್ಮೆ ನಿಲ್ಲುತ್ತಿತ್ತು. ಭಾರ ಹೊತ್ತು ಬಿಸಿಲಲ್ಲಿ ನಡೆಯುವುದೇನೆಂದು ಅವಳಿಗೆ ಗೊತ್ತಿತ್ತು.

ಮೇ ತಿಂಗಳ ಕೊನೆಯ ವಾರ ಗುಡುಗು ಸಿಡಿಲಿನ ಮಳೆಯೊಂದು ರಾತ್ರಿ ಬಿದ್ದುಹೋಯಿತು. ಮರುದಿನ ಎರೆ ಮೆತ್ತಗಾಗಿತ್ತು. ರಾಮವ್ವ ಮೋರಿಗೆ ಬಂದಾಗ ಆ ಹೆಣ್ಣು ಖಡಿ ಮುಗಿದು ಮಣ್ಣು ಶುರುವಾಗುವಲ್ಲಿ, ಮುಂಗಾಲಿನಿಂದ ಅಗೆಯುತ್ತಿತ್ತು. ಅಗೆದು ಸುಸ್ತಾಗಿ ನಿಲ್ಲುವುದು, ಮತ್ತೆ ಅಗೆಯುವುದು. ಅವಳು ಸುತ್ತಿಗೆಯನ್ನು ಸದ್ದಾಗದಂತೆ ಕೆಳಗಿಟ್ಟಳು. ಅದು ತಿರುಗಿ ತಗ್ಗಿನ ಮೇಲೆ ಹಿಂಭಾಗ ಇಟ್ಟು ಕೂತಿತು. ಬಿಳಿಯದೊಂದು ಕಂಡಿತು, ಇನ್ನೊಂದು, ಮತ್ತೊಂದು. ನಡುವೆ ಗದಗ ಕಡೆಯಿಂದ ಗಾಡಿ ಬಂತು. ರಾಮವ್ವ ಎದ್ದು ಸರಿದು ನಿಂತು ಹಸಿರು ಬಾವುಟ ತೋರಿಸಿದಳು. ನೆಲವೆಲ್ಲ ಗಡಗಡ ನಡುಗಿತು. ಗಾಡಿ ಹೋದ ಮೇಲೆ ನೋಡಿದರೆ ಹೆಣ್ಣು ಅಲುಗದೆ ಅಲ್ಲೇ ಕೂತಿತ್ತು. ಆಮೇಲೆ ಮಣ್ಣು ಎಳೆದೆಳೆದು ತಗ್ಗು ಮುಚ್ಚಿತು. ಮುಚ್ಚಿ, ತಲೆಯಿಂದ ಮಣ್ಣನ್ನು ತಟ್ಟಿತು. ಹೆಂಗಸರು ಸೆಗಣಿ ಸಾರಿಸಿದ ನೆಲವನ್ನು ಅಂಗೈಯಿಂದ ಸರಿಮಾಡುವ ಹಾಗೆ, ಸುತ್ತಲೂ ತಟ್ಟಿತು. ಎಲ್ಲಿ ಅಗೆದಿತ್ತು ಎಂಬುದು ಗೊತ್ತಾಗದಂತೆ ಮಾಡಿ ಖಡಿಯ ಸಂದಿಗೆ ನಡೆದುಹೋಯಿತು. ಈ ಸಲ ನಾಲ್ಕು ಕಾಲಿನ ಮೇಲೆ.

ಸಂಜೆ ಅವಳು ಬೂಟೂ ಕಳಚದೆ ಕೂತು ಮಗಳನ್ನು ಕರೆದಳು. “ನೋಟಬುಕ್ ತಗೊ. ನಾ ಹೇಳಿದಂಗ ಬರಿ. ಮೇಡಂಗ ಕಳಸೂಣು.”

ದುರ್ಗಾ ಬರೆದಳು. ತಗ್ಗು ಎಷ್ಟು ಆಳ, ಹಳಿಯಿಂದ ಎಷ್ಟು ಮಾರು, ಯಾವ ಕಂಬದ ಎದುರು, ಎಷ್ಟು ಹೊತ್ತು ಹಿಡಿಯಿತು. ಮೂರು ಕಂಡವು, ಹೆಚ್ಚೂ ಇದ್ದಾವು, ಗಾಡಿ ಬಂದಾಗ ತಾನು ನೋಡಲಾಗಲಿಲ್ಲ ಎಂಬುದನ್ನೂ ಬರೆಸಿದಳು. ಮುಗಿದ ಮೇಲೆ ದುರ್ಗಾ ಪೆನ್ನು ಮುಚ್ಚಿ, ಬಗ್ಗಿ, ತಾಯಿಯ ಬೂಟಿನ ದಾರ ಬಿಚ್ಚತೊಡಗಿದಳು. “ಸಾಹೇಬ್ರು ರಜಾ ಮುಗಿಸಿ ಬಂದ್ರೇನ?” ಎಂದಳು, ತಲೆ ಎತ್ತದೆ.

“ಬಂದ್ರು. ನಾಳಿಗೆ ಕೊಡ್ತೀನಿ.”

ಮಡಿವಾಳೆಪ್ಪನವರು ಚೀಟಿ ತಿರುವಿ ನೋಡಿದರು. ಕನ್ನಡಕ ಏರಿಸಿ ಮತ್ತೆ ನೋಡಿದರು. “ಮಾರ್ಚ ತಿಂಗಳದ್ದೈತಲ್ಲ ಬೇ ಇದು! ಇಷ್ಟ ದಿನಾ ಯಾಕ ಇಟ್ಕೊಂಡ ಕುಂತಿದ್ದಿ?”

“ಬೀಟಿನಾಗ ಒಂದೀಟ ಕೆಲಸ ಉಳದಿತ್ರಿ.”

ಅವಳು ಗೋಡೆ ಹಿಡಿದು ನಿಂತದ್ದನ್ನು ನೋಡಿ ಅವರು ಚೀಟಿಯನ್ನು ಫೈಲಿಗೆ ಹಾಕಿದರು.

ಜೂನಿನ ಎರಡನೆಯ ವಾರ ಅವಳನ್ನು ಸಾಮಾನು ಕೋಣೆಗೆ ಹಾಕಿದರು. ಬೆಳಿಗ್ಗೆ ಸುತ್ತಿಗೆ, ಪಾನಾ ಎಣಿಸಿ ಕೊಡುವುದು, ಸಂಜೆ ಎಣಿಸಿ ತೆಗೆದುಕೊಳ್ಳುವುದು. ಬೀಟಿಗೆ ಸುಭಾಸ ಎಂಬ ನಲವತ್ತರ ಮನುಷ್ಯ ಬಂದ. ಸಾಮಾನು ಕೊಡುವಾಗ ರಾಮವ್ವ ಅವನಿಗೆ ಯಾವ ಜಾಗದಲ್ಲಿ ಚಾವಿ ಬೇಗ ಸಡಿಲಾಗುತ್ತವೆ ಎಂದು ಹೇಳಿದಳು, ಮೋರಿಯ ಬಾಜು ತತ್ತಿ ಇರುವ ಜಾಗವನ್ನೂ ಹೇಳಿ, ಅಲ್ಲಿ ಖಡಿ ಸುರಿಯಗೊಡಬೇಡ ಎಂದಳು. ಸುಭಾಸ ಆಗಲಿ ಅಕ್ಕಾರ ಎಂದು ಸುತ್ತಿಗೆ ಹೆಗಲಿಗೆ ಹಾಕಿಕೊಂಡು ಹೋದ. ಎಲ್ಲರೂ ಹೋದ ಮೇಲೆ ಹೊರಗೆ ಜಿಟಿಜಿಟಿ ಮಳೆ ಶುರುವಾಯಿತು. ಅವಳು ಕುರ್ಚಿಯಲ್ಲಿ ಕೂತು, ಎದುರಿಗೆ ಇದ್ದ ಖಾಲಿ ಡಬ್ಬದ ಮೇಲೆ ಬಲಗಾಲು ಚಾಚಿದಳು. ಹನ್ನೊಂದು ಗಂಟೆಯೂ ಆಗಿರಲಿಲ್ಲ, ಕೂತಲ್ಲೇ ನಿದ್ದೆ ಹೋದಳು. ನಡುವೆ ಮಡಿವಾಳೆಪ್ಪನವರು ಒಮ್ಮೆ ಬಾಗಿಲಿಗೆ ಬಂದು, ನೋಡಿ, ಎಬ್ಬಿಸದೆ ಹೋದರು.